ಒರೆಸದೆ ಉಳಿದ ಹಲಗೆ

ಕಿರಾಣಿ ಅಂಗಡಿಯ ಬಾಗಿಲಲ್ಲಿ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಆ ದಿನದ ದರಗಳನ್ನು ಬರೆದು ತೂಗುಹಾಕುವ ರೂಢಿಯುಂಟು. ಒಳಗೆ ಕುಳಿತ ಯಜಮಾನನನ್ನು ಪ್ರತಿಯೊಬ್ಬ ಗಿರಾಕಿಯೂ ದರ ಕೇಳುತ್ತ ನಿಲ್ಲದಿರಲಿ ಎಂಬುದೇ ಅದರ ಉದ್ದೇಶ. ಹಲಗೆಯಿಂದ ವೇಳೆ ಉಳಿಯುತ್ತದೆ, ಮಾತೂ ಉಳಿಯುತ್ತದೆ. ಆದರೆ ಮಂಡಿಯಲ್ಲಿ ಬೆಲ್ಲದ ಬೆಲೆ ಏರಿದ ದಿನ ಹಲಗೆಯನ್ನು ಒರೆಸಿ ಬರೆಯುವವರು ಇಲ್ಲದಿದ್ದರೆ ಅದೇ ಹಲಗೆ ಜಗಳಕ್ಕೆ ಮೂಲವಾಗುತ್ತದೆ. ಅದರ ಮೇಲಿನ ಅಂಕಿ ನಿನ್ನೆ ನಿಜವಾಗಿತ್ತು, ಇಂದು ಸುಳ್ಳಾಗಿದೆ. ಎರಡು ದಿನವೂ ಅದು ಕಾಣುವ ರೀತಿ ಮಾತ್ರ ಒಂದೇ.

ಗಣಕಯಂತ್ರದ ತಂತ್ರಾಂಶಗಳಲ್ಲಿ ಇಂತಹ ಹಲಗೆಗೆ ‘ಕ್ಯಾಶ್’ ಎಂದು ಹೆಸರು. ಒಮ್ಮೆ ಡಿಸ್ಕಿನಿಂದ ಓದಿದ್ದನ್ನು ಮತ್ತೆ ಮತ್ತೆ ಓದುವ ಶ್ರಮ ತಪ್ಪಲೆಂದು ನೆನಪಿನಲ್ಲಿ ಒಂದು ಪ್ರತಿಯನ್ನು ಇಟ್ಟುಕೊಳ್ಳುವ ಏರ್ಪಾಡು ಅದು. ಮೂಲ ಬದಲಾದಾಗ ಪ್ರತಿಯನ್ನು ಒರೆಸಬೇಕಾದವರು ಯಾರು ಎಂಬ ಪ್ರಶ್ನೆ ಅಲ್ಲಿಯೂ ತಪ್ಪಿದ್ದಲ್ಲ. ಇದಕ್ಕೆ ಒಳ್ಳೆಯ ನಿದರ್ಶನ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ, ಎಂದರೆ ಬರಹವನ್ನು ಬರೆಯಲು, ತಿದ್ದಲು ಬಳಸುವ ತಂತ್ರಾಂಶ.

ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ಗ್ನೂ ಈಮ್ಯಾಕ್ಸನ್ನು 1984ರಲ್ಲಿ ಬರೆಯಲಾರಂಭಿಸಿ 1985ರಲ್ಲಿ ಸಾರ್ವಜನಿಕರಿಗೆ ನೀಡಿದರು. ಬಹುಕಾಲ ಅದು ಅಕ್ಷರಗಳ ಲೋಕವಾಗಿಯೇ ಇತ್ತು. 2001ರಲ್ಲಿ ಬಂದ 21ನೆಯ ಆವೃತ್ತಿಗಾಗಿ ಗೆರ್ಡ್ ಮೋಲ್‌ಮನ್ ಅವರು ತೆರೆಯ ಮೇಲೆ ಬರಹವನ್ನು ಚಿತ್ರಿಸುವ ಭಾಗವನ್ನೇ ಹೊಸದಾಗಿ ರಚಿಸಿದ ಮೇಲೆ, ಬರಹದ ನಡುವೆ ಚಿತ್ರಗಳಿಗೂ ಸ್ಥಾನ ದೊರೆಯಿತು. 2003ರಲ್ಲಿ ನೆದರ್ಲೆಂಡ್ಸಿನ ಖಗೋಳಶಾಸ್ತ್ರಜ್ಞ ಕಾರ್ಸ್ಟೆನ್ ಡೊಮಿನಿಕ್ ಅವರು ಅದೇ ಈಮ್ಯಾಕ್ಸಿನೊಳಗೆ ಆರ್ಗ್ ಮೋಡ್ ಎಂಬ ಅಂಗವನ್ನು ಆರಂಭಿಸಿದರು. ಇಂದು ವರದಿಯ ವಾಕ್ಯ, ಅಂಕಿಗಳ ಪಟ್ಟಿ, ಆ ಅಂಕಿಗಳಿಂದ ನಕ್ಷೆ ಬಿಡಿಸುವ ಸೂಚನೆ, ಬಿಡಿಸಿದ ನಕ್ಷೆ ಇವಿಷ್ಟನ್ನೂ ಒಂದೇ ಕಡತದಲ್ಲಿ ಕೂಡಿಸಿಟ್ಟು ಬರೆಯುವವರು ಅದನ್ನು ಬಳಸುತ್ತಾರೆ.

ಹೀಗೆ ಬರೆಯುವವನೊಬ್ಬನು ಅಂಗಡಿಯೊಂದರ ಹನ್ನೆರಡು ತಿಂಗಳ ವ್ಯಾಪಾರದ ವರದಿಯನ್ನು ಸಿದ್ಧಪಡಿಸುತ್ತಿದ್ದಾನೆ ಎಂದಿಟ್ಟುಕೊಳ್ಳಬಹುದು. ಪಕ್ಕದ ಇನ್ನೊಂದು ಕಿಟಕಿಯಲ್ಲಿ ಗ್ನೂಪ್ಲಾಟ್ ಎಂಬ ತಂತ್ರಾಂಶದಿಂದ ನಕ್ಷೆ ಬಿಡಿಸಿ, ಒಂದು ಹೆಸರಿನ ಚಿತ್ರಕಡತವಾಗಿ ಉಳಿಸುತ್ತಾನೆ. ವರದಿಯಲ್ಲಿ ಆ ಹೆಸರನ್ನು ಬರೆದಿದ್ದಾನೆ, ಅಲ್ಲಿ ಚಿತ್ರ ಮೂಡಿದೆ. ಏಪ್ರಿಲ್ ತಿಂಗಳ ಕಂಬ ಉಳಿದೆಲ್ಲವನ್ನೂ ಮೀರಿ ಎದ್ದು ನಿಂತಿರುವುದನ್ನು ಕಂಡು ಲೆಕ್ಕದ ಪುಸ್ತಕ ತೆರೆದು ನೋಡಿದರೆ 18,000 ಎಂದಿರಬೇಕಾದಲ್ಲಿ 1,80,000 ಎಂದು ಬಿದ್ದಿದೆ. ಅಂಕಿಯನ್ನು ತಿದ್ದಿ, ನಕ್ಷೆಯನ್ನು ಮರಳಿ ಬಿಡಿಸಿ, ಅದೇ ಹೆಸರಿನಲ್ಲಿ ಉಳಿಸಿ ವರದಿಗೆ ಹಿಂದಿರುಗುತ್ತಾನೆ. ಏಪ್ರಿಲ್ ಕಂಬ ಇನ್ನೂ ಹಾಗೆಯೇ ನಿಂತಿದೆ.

ಅವನು ಏನೆಂದು ತಿಳಿಯಬೇಕು? ತಿದ್ದುಪಡಿ ಸರಿಯಾಗಿ ಆಗಲಿಲ್ಲವೆಂದು ಬಗೆದು ಸರಿಯಾಗಿದ್ದ ಅಂಕಿಗೆ ಮತ್ತೆ ಕೈಹಾಕಬಹುದು. ಇದರಿಂದ ಒಂದು ಗಂಟೆ ವ್ಯರ್ಥವಾದೀತು, ಅಷ್ಟೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದು ಬಗೆಯದು. ಮೊದಲು ಸರಿಯಾಗಿದ್ದ ನಕ್ಷೆ ತೆರೆಯ ಮೇಲಿದೆ. ಆಮೇಲೆ ಅಂಕಿಯಲ್ಲಿ ತಪ್ಪು ನುಸುಳಿ, ಡಿಸ್ಕಿನಲ್ಲಿರುವ ಕಡತ ಕೆಟ್ಟಿದೆ. ಅವನ ಕಣ್ಣಿಗೆ ಕಾಣುತ್ತಿರುವುದು ಹಳೆಯ ಸರಿಯಾದ ಚಿತ್ರ, ಮುದ್ರಣಕ್ಕೆ ಹೋಗುವುದು ಹೊಸ ತಪ್ಪಾದ ಚಿತ್ರ. ‘ನಾನೇ ಕಣ್ಣಾರೆ ನೋಡಿ ಕಳುಹಿಸಿದೆ’ ಎಂದು ಅವನು ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಆ ಮಾತನ್ನು ನಂಬಿ ವರದಿಗೆ ಸಹಿ ಹಾಕಿದವರಿಗೆ ಆಗುವ ನಷ್ಟ ಸಣ್ಣದಲ್ಲ.

ಇದಕ್ಕೆ ಕಾರಣ ಸರಳ. ಈಮ್ಯಾಕ್ಸ್ ಚಿತ್ರವನ್ನು ಗುರುತಿಡುವುದು ಅದರ ವಿವರಣೆಯಿಂದ: ಯಾವ ಕಡತ, ಯಾವ ಬಗೆ, ಎಷ್ಟು ಅಗಲ. ವಿವರಣೆ ಹಿಂದಿನಂತೆಯೇ ಇದ್ದರೆ ನೆನಪಿನಲ್ಲಿರುವ ಪ್ರತಿಯನ್ನೇ ಮುಂದಿಡುತ್ತದೆ. ಕಡತದೊಳಗೆ ಇಣುಕಿ ನೋಡುವುದಿಲ್ಲ. ಹೆಸರು ಅದೇ ಇರುವುದರಿಂದ ಸರಕೂ ಅದೇ ಎಂದು ನಂಬುವ ಗುಮಾಸ್ತನ ರೀತಿಯಿದು. ಅದರ ಕೈಪಿಡಿ ಈ ಸಂಗತಿಯನ್ನು ಮುಚ್ಚಿಟ್ಟಿಲ್ಲ. ಕಡತ ಬದಲಾದರೂ ಮೊದಲು ತೋರಿಸಿದ ರೂಪವೇ ತೆರೆಯಲ್ಲಿ ಮುಂದುವರಿಯುತ್ತದೆಂದು ಸ್ಪಷ್ಟವಾಗಿಯೇ ತಿಳಿಸಿದೆ. ಆದರೆ ಕೈಪಿಡಿಯನ್ನು ಓದಿ ಕೆಲಸಕ್ಕೆ ಕೂರುವವರು ಎಷ್ಟು ಮಂದಿ!

ಹಳೆಯ ಪ್ರತಿಗಳನ್ನು ಹೊರಹಾಕುವ ನಿಯಮವೊಂದು ಅಲ್ಲಿ ಇಲ್ಲದಿಲ್ಲ. ಯಾವುದೇ ಚಿತ್ರ ತೆರೆಯ ಮೇಲೆ ಕಾಣಿಸದೆ 300 ಸೆಕೆಂಡುಗಳು ಕಳೆದರೆ ಅದರ ಪ್ರತಿ ನೆನಪಿನಿಂದ ತೆಗೆಯಲ್ಪಡುತ್ತದೆ. ಈ ನಿಯಮದ ಒಳಗುಟ್ಟನ್ನು ವಾಚಕರು ಗಮನಿಸಬೇಕು. ಎಣಿಕೆ ನಡೆಯುವುದು ಚಿತ್ರ ಕಾಣದಿರುವ ಕಾಲಕ್ಕೆ. ಯಾರೂ ನೋಡದ ಚಿತ್ರ ಐದು ನಿಮಿಷಗಳಲ್ಲಿ ಹೊಸದಾಗುವ ಅವಕಾಶ ಪಡೆಯುತ್ತದೆ, ಬರೆಯುವವನು ಎವೆಯಿಕ್ಕದೆ ನೋಡುತ್ತ ಕುಳಿತ ಚಿತ್ರ ದಿನವಿಡೀ ಹಳೆಯದಾಗಿಯೇ ಉಳಿಯುತ್ತದೆ. ನೆನಪಿನ ಸ್ಥಳವನ್ನು ಮಿತವಾಗಿ ಬಳಸಲು ಮಾಡಿದ ನಿಯಮಕ್ಕೂ ಚಿತ್ರದ ಸತ್ಯಾಸತ್ಯಕ್ಕೂ ಸಂಬಂಧವೇ ಇಲ್ಲ. ಆದಕಾರಣ, ಚಹಾ ಕುಡಿಯಲು ಹೋಗುವ ಮುನ್ನ ವರದಿಯ ಬೇರೊಂದು ಪುಟವನ್ನು ತೆರೆದಿಟ್ಟವನು ಹಿಂದಿರುಗಿದಾಗ ನಕ್ಷೆ ತಾನಾಗಿಯೇ ಸರಿಹೋಗಿರುವುದೂ ಉಂಟು. ಕೆಲವೊಮ್ಮೆ ಸರಿಹೋಗುವ, ಕೆಲವೊಮ್ಮೆ ಹೋಗದ ಯಂತ್ರದ ಮೇಲೆ ಮನುಷ್ಯನಿಗೆ ಹುಟ್ಟುವ ಅನುಮಾನ, ಎಂದೂ ಸರಿಹೋಗದ ಯಂತ್ರದ ಮೇಲೆ ಹುಟ್ಟುವುದಕ್ಕಿಂತ ಹೆಚ್ಚು.

ಪರಿಹಾರಗಳು ಇಲ್ಲವೆಂದಲ್ಲ. ‘ಇಮೇಜ್-ಫ್ಲಶ್’ ಎಂಬ ಆದೇಶ ಒಂದು ಚಿತ್ರದ ಪ್ರತಿಯನ್ನು ನೆನಪಿನಿಂದ ತೆಗೆಯುತ್ತದೆ. ‘ಕ್ಲಿಯರ್-ಇಮೇಜ್-ಕ್ಯಾಶ್’ ಎಂಬುದು ಎಲ್ಲ ಪ್ರತಿಗಳನ್ನೂ ಒಮ್ಮೆಗೇ ತೆಗೆಯಬಲ್ಲದು. ಆಮೇಲೆ ತೋರಿಸಬೇಕಾದಾಗ ಕಡತವನ್ನು ಮರಳಿ ಓದಲೇಬೇಕು. ಆರ್ಗ್ ಮೋಡ್‌ನಲ್ಲಿಯೂ ವರದಿಯ ಚಿತ್ರಗಳನ್ನೆಲ್ಲ ಪುನಃ ತೋರಿಸುವ ಆದೇಶವುಂಟು. ಆದರೆ ಇವೆಲ್ಲವೂ ಬರೆಯುವವನಿಗೆ ಅನುಮಾನ ಹುಟ್ಟಿದ ಮೇಲೆ ಒದಗುವ ಸಹಾಯಗಳು. ಹಳೆಯ ಚಿತ್ರ ತಾನು ಹಳೆಯದೆಂದು ಎಲ್ಲಿಯೂ ಹೇಳದಿರುವಾಗ ಅನುಮಾನ ಹುಟ್ಟುವುದು ಹೇಗೆ? ದೋಷವಿರುವುದು ಪ್ರತಿಯನ್ನು ಇಟ್ಟುಕೊಂಡಿದ್ದರಲ್ಲಿ ಎನ್ನುವುದಕ್ಕಿಂತ, ತಾರೀಖಿಲ್ಲದೆ ಅದನ್ನು ಮುಂದಿಡುವುದರಲ್ಲಿ ಎನ್ನಬೇಕು. ಬ್ಯಾಂಕಿನ ಪಾಸ್‌ಪುಸ್ತಕ ಕೂಡ ಒಂದು ಪ್ರತಿಯೇ. ಕೊನೆಯ ನಮೂದಿನ ಪಕ್ಕದಲ್ಲಿ ತಾರೀಖು ಇರುವುದರಿಂದ ಅದನ್ನು ಹಿಡಿದು ಯಾರೂ ಮೋಸಹೋಗುವುದಿಲ್ಲ.

ಸಂಪಾದಕವನ್ನು ರಚಿಸಿದವರ ಪಕ್ಷವನ್ನೂ ಕೇಳಬೇಕು. ತೆರೆಯನ್ನು ಮರಳಿ ಬಿಡಿಸುವ ಕೆಲಸ ಒಂದೊಂದು ಅಕ್ಷರ ಒತ್ತಿದಾಗಲೂ ನಡೆಯುತ್ತದೆ. ಆಗೆಲ್ಲ ಕಾಣುವ ಪ್ರತಿಯೊಂದು ಚಿತ್ರದ ಕಡತ ಬದಲಾಗಿದೆಯೇ ಎಂದು ಡಿಸ್ಕನ್ನು ವಿಚಾರಿಸಿದರೆ, ಕಡತಗಳು ದೂರದ ಇನ್ನೊಂದು ಯಂತ್ರದಲ್ಲಿರುವಾಗ ಬರೆಯುವವನ ಬೆರಳೇ ತಡೆದು ನಿಲ್ಲಬೇಕಾದೀತು. ಅಲ್ಲದೆ ವಿಚಾರಿಸಿದ ಮಾತ್ರಕ್ಕೆ ಸತ್ಯ ಸಿಕ್ಕೇಬಿಡುತ್ತದೆಂದೂ ಹೇಳಲಾಗದು. ಕಡತವನ್ನು ಕೊನೆಯ ಬಾರಿ ತಿದ್ದಿದ ಹೊತ್ತನ್ನು ಕೆಲವು ವ್ಯವಸ್ಥೆಗಳು ಒರಟಾಗಿಯೇ ದಾಖಲಿಸುತ್ತವೆ. ಪೆನ್‌ಡ್ರೈವ್‌ಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್ ಎಂಬ ಹಳೆಯ ವಿಧಾನದಲ್ಲಿ ಆ ದಾಖಲೆ ಎರಡು ಸೆಕೆಂಡುಗಳ ಲೆಕ್ಕದಲ್ಲಿ ನಡೆಯುತ್ತದೆ. ಆ ಎರಡು ಸೆಕೆಂಡುಗಳೊಳಗೆ ಎರಡು ಸಲ ಬರೆದರೆ ಹೊತ್ತು ಒಂದೇ. ಹಳೆಯ ಹೊತ್ತನ್ನು ಉಳಿಸಿಕೊಂಡೇ ಕಡತವನ್ನು ನಕಲು ಮಾಡುವ ಆದೇಶಗಳೂ ಇವೆ.

ವಿಚಾರಿಸುವುದರ ಬದಲು, ಬದಲಾದಾಗ ತಿಳಿಸು ಎಂದು ಯಂತ್ರದ ಆಡಳಿತ ವ್ಯವಸ್ಥೆಗೇ ಹೇಳಿಡುವುದು ಇನ್ನೊಂದು ಮಾರ್ಗ. ಲಿನಕ್ಸಿನಲ್ಲಿ 2005ರಿಂದ ಐನೋಟಿಫೈ ಎಂಬ ಸೌಲಭ್ಯ ಇದಕ್ಕಾಗಿಯೇ ಇದೆ, 2014ರ 24.4 ಆವೃತ್ತಿಯಿಂದ ಈಮ್ಯಾಕ್ಸ್ ಇಂತಹ ಸೂಚನೆಗಳನ್ನು ಬಳಸಿಕೊಳ್ಳಬಲ್ಲದು. ಚಿತ್ರಕಡತವನ್ನೇ ಪ್ರತ್ಯೇಕವಾಗಿ ತೆರೆದು, ಕಡತ ಬದಲಾದಾಗ ತಾನಾಗಿ ಮರಳಿ ಓದುವ ಏರ್ಪಾಡನ್ನು ಜೋಡಿಸಿಕೊಂಡರೆ, ಅದು ಸರಿಯಾಗಿ ಹೊಸದಾಗುತ್ತದೆ. ಆದರೆ ವರದಿಯೊಳಗೆ ಕೂಡಿಸಿದ ಚಿತ್ರದ ಪಾಡು ಬೇರೆ. ಅಲ್ಲಿ ಕಾವಲಿರುವುದು ವರದಿಯ ಕಡತಕ್ಕೆ, ಚಿತ್ರದ ಕಡತಕ್ಕೆ ಕಾವಲುಗಾರನಿಲ್ಲ. ಕಾವಲನ್ನು ನೇಮಿಸಿದರೂ ತೊಡಕುಗಳಿವೆ. ಎಷ್ಟೋ ತಂತ್ರಾಂಶಗಳು ಹಳೆಯ ಕಡತದ ಮೇಲೆಯೇ ಬರೆಯದೆ, ಹೊಸ ಕಡತವನ್ನು ಬೇರೆ ಹೆಸರಿನಲ್ಲಿ ಬರೆದು ಮುಗಿಸಿ, ಕೊನೆಗೆ ಹಳೆಯ ಹೆಸರನ್ನು ಅದಕ್ಕೆ ಇಡುತ್ತವೆ. ಇದು ಒಳ್ಳೆಯ ಅಭ್ಯಾಸ. ನಡುವೆ ವಿದ್ಯುತ್ತು ಹೋದರೂ ಹಳೆಯದು ಉಳಿದಿರುತ್ತದೆ. ಆದರೆ ಹಳೆಯ ಕಡತವನ್ನೇ ಕಾಯುತ್ತಿದ್ದ ಕಾವಲುಗಾರ, ಯಜಮಾನರು ಬಿಟ್ಟುಹೋದ ಮನೆಯ ಮುಂದೆ ಕುಳಿತವನಂತೆ ಆಗುತ್ತಾನೆ. ಆದುದರಿಂದ ಕಡತವಿರುವ ಇಡೀ ಕೋಶವನ್ನೇ ಕಾಯಬೇಕು. ನೇರವಾಗಿ ಹಳೆಯದರ ಮೇಲೆಯೇ ಬರೆಯುವ ತಂತ್ರಾಂಶಗಳಲ್ಲಿ, ಸೂಚನೆ ಬಂದೊಡನೆ ಓಡಿಹೋಗಿ ಓದಿದರೆ ಅರ್ಧ ಬರೆದ ಚಿತ್ರ ಸಿಗುವುದೂ ಉಂಟು. ಕ್ಷಣಕಾಲ ತಾಳುವುದೇ ಅಲ್ಲಿ ಲೇಸು.

ಹೀಗಿರಲು ಹೊಣೆ ಯಾರದು? ಬದಲಾವಣೆಯನ್ನು ಬಲ್ಲವರದೇ ಮೊದಲ ಹೊಣೆ ಎಂದು ತೋರುತ್ತದೆ. ನಕ್ಷೆ ಬಿಡಿಸುವ ಸೂಚನೆಯನ್ನು ಆರ್ಗ್ ಮೋಡ್ ತಾನೇ ನಡೆಸಿದಾಗ, ಕಡತ ಬದಲಾಯಿತೆಂಬುದು ಅದಕ್ಕೆ ಗೊತ್ತೇ ಇದೆ. ಗೊತ್ತಿದ್ದೂ ಸುಮ್ಮನಿರುವುದಕ್ಕೆ ಸಮಜಾಯಿಷಿ ಕಡಮೆ. ಸೂಚನೆ ಮುಗಿದೊಡನೆ ಚಿತ್ರಗಳನ್ನು ಮರಳಿ ತೋರಿಸಲಿ ಎಂಬ ಒಂದು ಸಾಲನ್ನು ಅನೇಕ ಬಳಕೆದಾರರು ತಮ್ಮ ಸಿದ್ಧತೆಯ ಕಡತಕ್ಕೆ ಸೇರಿಸಿಕೊಳ್ಳುತ್ತ ಬಂದಿರುವುದು ಇದೇ ಕಾರಣಕ್ಕೆ. ಗ್ನೂಪ್ಲಾಟ್ ಪಕ್ಕದ ಕಿಟಕಿಯಲ್ಲಿ ಪ್ರತ್ಯೇಕವಾಗಿ ನಡೆದಾಗ ಸಂಪಾದಕಕ್ಕೆ ಅದರ ಸುಳಿವಿರುವುದಿಲ್ಲ. ಆಗ ಬಲ್ಲವನು ಬರೆಯುವವನೊಬ್ಬನೇ, ಅಥವಾ ಅವನು ನೇಮಿಸಿದ ಕಾವಲು.

ಕಡತಗಳು ಜಾಲದ ಮೂಲಕ ಹಲವರ ಪಾಲಿನವಾಗಿರುವ ಕಚೇರಿಗಳಲ್ಲಿ ಕಾವಲೂ ಕೈಕೊಡುತ್ತದೆ. ಎನ್‌ಎಫ್‌ಎಸ್ ಎಂಬ ವ್ಯವಸ್ಥೆಯ ಮೂಲಕ ಹಂಚಿಕೊಂಡ ಕೋಶದಲ್ಲಿ ಬೇರೊಂದು ಯಂತ್ರದವರು ಚಿತ್ರವನ್ನು ಬದಲಿಸಿದರೆ ಈ ಯಂತ್ರದ ಐನೋಟಿಫೈಗೆ ಸುದ್ದಿ ಮುಟ್ಟುವುದಿಲ್ಲ. ಅಂತಹ ಕಡೆ ಆಗಾಗ ಹೋಗಿ ನೋಡಿಬರುವ ಹಳೆಯ ಕ್ರಮವೇ ಗತಿ. ವರದಿಯನ್ನು ಮುದ್ರಣಕ್ಕೆ ಕಳುಹಿಸುವ ಮುನ್ನ ಕ್ಯಾಶನ್ನು ಸಂಪೂರ್ಣವಾಗಿ ಒರೆಸಿ, ಮುದ್ರಣಕ್ಕೆ ಹೋಗುವ ಪ್ರತಿಯನ್ನೇ ತೆರೆದು, ಒಂದೊಂದು ನಕ್ಷೆಯನ್ನೂ ಲೆಕ್ಕದ ಪುಸ್ತಕದೊಡನೆ ತಾಳೆ ನೋಡುವವರು ಅಲ್ಲಲ್ಲಿ ಇದ್ದಾರೆ. ಅವರಿಗೆ ಹೆಚ್ಚು ತಗಲುವುದು ಕಾಲು ಗಂಟೆ.