ಚಕ್ರದ ಸದ್ದು ಮತ್ತು ಅದತ್ತಾದಾನ

ಶಬ್ದವು ಆಕಾಶದ ಗುಣವೆಂದು ನ್ಯಾಯ-ವೈಶೇಷಿಕರು ಹೇಳಿದರೆ ನಮ್ಮ ಆಚಾರ್ಯರು ಅದನ್ನು ಪುದ್ಗಲದ ಪರ್ಯಾಯವೆಂದು ನಿರ್ಣಯಿಸಿದರು. ಕಣ್ಣು ಮತ್ತು ಮನಸ್ಸುಗಳು ವಿಷಯವನ್ನು ಮುಟ್ಟದೆಯೇ ಅರಿಯುತ್ತವೆ. ಕಿವಿಯಾದರೋ ಪ್ರಾಪ್ಯಕಾರಿ, ಶಬ್ದಪುದ್ಗಲವು ಬಂದು ತಾಗಿದ ಮೇಲೆಯೇ ಅದಕ್ಕೆ ಅರಿವು. ಈ ಭೇದವನ್ನು ಸ್ವಾಧ್ಯಾಯದಲ್ಲಿ ಓದಿದ್ದೆನೇ ಹೊರತು ಅದು ಒಂದು ಮೋಟಾರು ವಾಹನದ ದುರಸ್ತಿಯಲ್ಲಿ ನೆರವಿಗೆ ಬಂದೀತೆಂದು ಎಣಿಸಿರಲಿಲ್ಲ. ಸದ್ದು ಕಿವಿಗೆ ಬಂದು ತಾಗಿದ ದಿಕ್ಕೇ ಅದು ಹುಟ್ಟಿದ ದಿಕ್ಕೆಂದು ನಂಬುವಂತಿಲ್ಲ ಎಂಬುದನ್ನು ಮುಂದಿನ ವೃತ್ತಾಂತ ತಿಳಿಸುತ್ತದೆ.

2021ರ ನವೆಂಬರಿನಲ್ಲಿ ನಾವು ಒಂದು ವಿದ್ಯುತ್ ಕಾರನ್ನು ಕೊಂಡೆವು. ಮೂಡುಬಿದಿರೆಯಿಂದ ಕಾರ್ಕಳಕ್ಕೆ, ಮಂಗಳೂರಿಗೆ, ಪರ್ವದ ದಿನಗಳಲ್ಲಿ ಧರ್ಮಸ್ಥಳಕ್ಕೆ ಇದರದೇ ಓಡಾಟ. 2025ರ ಜನವರಿಯಲ್ಲಿ ಗಂಟೆಗೆ 35 ಕಿಲೋಮೀಟರು ದಾಟಿದೊಡನೆ ‘ಗುಂಯ್’ ಎಂಬ ಒಂದು ಸದ್ದು ಕೇಳತೊಡಗಿತು. ವೇಗ ಏರಿದಂತೆ ಅದರ ಶ್ರುತಿಯೂ ಏರುತ್ತಿತ್ತು, 60ರಲ್ಲಿ ಮಾತಿಗೆ ಅಡ್ಡಿಯಾಗುವಷ್ಟು ದೊಡ್ಡದಾಗುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ಪೆಟ್ರೋಲಿನ ಗಾಡಿಯಾಗಿದ್ದರೆ ಎಂಜಿನ್ನಿನ ಗದ್ದಲದಲ್ಲಿ ಇದು ಇನ್ನೂ ಕೆಲವು ತಿಂಗಳು ಅಡಗಿರುತ್ತಿತ್ತೇನೋ. ಮೌನವಾಗಿ ಕುಳಿತಾಗಲೇ ಮನಸ್ಸಿನ ಗದ್ದಲ ಕೇಳಿಸುವುದು ಸಾಮಾಯಿಕಕ್ಕೆ ಕುಳಿತವರೆಲ್ಲರ ಅನುಭವ; ವಿದ್ಯುತ್ ಕಾರಿನದೂ ಅದೇ ಪರಿ.

ನೆರೆಯವರೊಬ್ಬರು ಇದು ಪಾದಚಾರಿಗಳನ್ನು ಎಚ್ಚರಿಸಲೆಂದು ಕಂಪೆನಿಯವರೇ ಇಟ್ಟ ಸದ್ದೆಂದರು. ಅಂತಹದೊಂದು ವ್ಯವಸ್ಥೆ ಇರುವುದು ನಿಜ. ಯುರೋಪಿನಲ್ಲಿ 2019ರ ಜುಲೈಯಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳು ಗಂಟೆಗೆ 20 ಕಿಲೋಮೀಟರಿನ ವರೆಗೆ ಕೃತಕ ಸದ್ದು ಹೊರಡಿಸಬೇಕೆಂಬ ನಿಯಮ ಬಂದಿದೆ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ನಡೆಯುವ ಈರ್ಯಾಸಮಿತಿಯನ್ನು ಬಲ್ಲ ನಮಗೆ ಈ ನಿಯಮದ ಅರ್ಥ ವಿವರಿಸಬೇಕಾಗಿಲ್ಲ. ಆದರೆ ಅದು ಮೆಲ್ಲಗೆ ಹೋಗುವಾಗಿನ ಸದ್ದು. 35ರ ಮೇಲೆ ಹುಟ್ಟಿ ಬೆಳೆಯುವ ಸದ್ದಿಗೆ ಬೇರೆಯೇ ಕಾರಣವಿರಬೇಕು.

ಮತಿಜ್ಞಾನದ ನಾಲ್ಕು ಮೆಟ್ಟಿಲುಗಳನ್ನು ಉಮಾಸ್ವಾತಿ ಆಚಾರ್ಯರು ಅವಗ್ರಹ, ಈಹಾ, ಅವಾಯ, ಧಾರಣಾ ಎಂದು ಹೆಸರಿಸಿದ್ದಾರೆ. ‘ಏನೋ ಸದ್ದು’ ಎಂಬುದು ಅವಗ್ರಹ. ಇದು ಏತರದಿರಬಹುದೆಂದು ವಿಶೇಷವನ್ನು ಅರಸುವುದು ಈಹಾ. ಇಂತಹದರದೇ ಎಂಬ ನಿಶ್ಚಯ ಅವಾಯ. ಅದನ್ನು ಮರೆಯದೆ ಉಳಿಸಿಕೊಳ್ಳುವುದು ಧಾರಣಾ. ನಮ್ಮ ಕಾಲದ ಜನ ಮೊದಲನೆಯದರಿಂದ ಮೂರನೆಯದಕ್ಕೆ ಹಾರುತ್ತಾರೆ. ನಡುವಿನ ಈಹೆಗೆ ಪುರಸೊತ್ತಿಲ್ಲ. ಹಾರಲಾರದವರು ದಾರಿಯಲ್ಲಿ ಕಾಲಿಗೆ ಹುಲ್ಲು ತಾಗಿದಾಗ ‘ಏನೋ ಒಂದು’ ಎಂದು ಮುನ್ನಡೆಯುವವನಂತೆ ಅನಧ್ಯವಸಾಯದಲ್ಲಿಯೇ ಉಳಿಯುತ್ತಾರೆ.

ನಾನು ಓದಿದ್ದು ವಾಣಿಜ್ಯಶಾಸ್ತ್ರ, ಯಂತ್ರಶಾಸ್ತ್ರವಲ್ಲ. ಆದರೂ ಲೆಕ್ಕ ಹಾಕಲು ಯಾರ ಅಪ್ಪಣೆಯೂ ಬೇಡವಷ್ಟೆ. ಟಯರಿನ ಸುತ್ತಳತೆ ಹೆಚ್ಚುಕಡಿಮೆ 2 ಮೀಟರು. 60ರ ವೇಗದಲ್ಲಿ ಕಾರು ಒಂದು ನಿಮಿಷಕ್ಕೆ 1,000 ಮೀಟರು ಹೋಗುತ್ತದೆ; ಎಂದರೆ ಚಕ್ರವು ನಿಮಿಷಕ್ಕೆ 500 ಸುತ್ತು, ಸೆಕೆಂಡಿಗೆ ಎಂಟು ಚಿಲ್ಲರೆ. ಟಯರಿನ ಗಾಡಿಯಲ್ಲಿ ಕಲ್ಲು ಸಿಕ್ಕಿದ್ದರೆ ಸೆಕೆಂಡಿಗೆ ಎಂಟು ಸಲ ‘ಟಕ್’ ಎನ್ನಬೇಕು. ನಮ್ಮದು ಬಿಡಿಬಿಡಿಯಾದ ಸದ್ದಲ್ಲ, ಎಡೆಬಿಡದ ಗುಂಜಾರವ. ಚಕ್ರ ಒಂದು ಸುತ್ತು ಬರುವುದರೊಳಗೆ ಹಲವು ಸಲ ಆಗುವ ಯಾವುದೋ ಘರ್ಷಣೆ ಇದರ ಮೂಲ. ಮೋಟಾರು ಚಕ್ರಕ್ಕಿಂತ ಸುಮಾರು ಒಂಬತ್ತು ಪಟ್ಟು ವೇಗವಾಗಿ ತಿರುಗುತ್ತದೆ. ಬೇರಿಂಗಿನೊಳಗಿನ ಗುಂಡುಗಳೂ ಒಂದೇ ಸುತ್ತಿನಲ್ಲಿ ಅನೇಕವು ಹಾದುಹೋಗುತ್ತವೆ. ಟಯರಿನ ಮೇಲ್ಮೈ ಏರುಪೇರಾಗಿ ಸವೆದಿದ್ದರೂ ಇಂತಹದೇ ಸದ್ದು ಬರುವುದುಂಟು. ಹೀಗೆ ಶಂಕಿತರು ಮೂವರಾದರು.

ಕಂಪೆನಿಯ ಸರ್ವಿಸ್ ಸ್ಟೇಷನ್ನಿನವರು ಟಯರುಗಳನ್ನು ಹಿಂದುಮುಂದು ಮಾಡಿ ಓಡಿಸಿದರು, ಸದ್ದು ಬದಲಾಗಲಿಲ್ಲ. ಸಿಮೆಂಟು ರಸ್ತೆಯಿಂದ ಡಾಮರಿಗೆ ಇಳಿದಾಗಲೂ ಬದಲಾಗದ್ದನ್ನು ನಾನು ಮಂಗಳೂರಿನ ಬೀದಿಗಳಲ್ಲಿ ಮೊದಲೇ ಗುರುತಿಸಿಕೊಂಡಿದ್ದೆ. ಅಲ್ಲಿಗೆ ಟಯರು ನಿರ್ದೋಷಿ. ಬಳಿಕ ಅವರು ಕಾರನ್ನು ಮೇಲೆತ್ತಿ ನಾಲ್ಕೂ ಚಕ್ರಗಳನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರು. ಯಾವುದರಲ್ಲಿಯೂ ಸಡಿಲಿಲ್ಲ. “ಬೇರಿಂಗ್ ಸರಿಯಿದೆ ಸರ್, ಇದು ಮೋಟಾರಿನ ಒಳಗಿನದ್ದು. ಇಡೀ ಮೋಟಾರು, ಗೇರು ಬದಲಿಸಬೇಕು. ನೀವು ಹೆದರಬೇಡಿ, ಅದಕ್ಕೆ ಎಂಟು ವರ್ಷದ ವಾರಂಟಿ ಇದೆ” ಎಂದು ಅಲ್ಲಿಯ ತರುಣ ಸಲಹೆಗಾರರು ತೀರ್ಪು ಕೊಟ್ಟರು.

ನೆರೆಯವರದು ಇದಕ್ಕೆ ತದ್ವಿರುದ್ಧವಾದ ವಾದ. 60ರಲ್ಲಿ ಓಡುವಾಗ ನ್ಯೂಟ್ರಲಿಗೆ ಹಾಕಿದರೂ ಸದ್ದು ಹಾಗೆಯೇ ಇತ್ತು. ಆದುದರಿಂದ ಮೋಟಾರಿನದಲ್ಲ, ಚಕ್ರದ್ದೇ ಎಂದು ಅವರು ಪಟ್ಟು ಹಿಡಿದರು.

ಮಾಣಿಕ್ಯನಂದಿ ಆಚಾರ್ಯರ ‘ಪರೀಕ್ಷಾಮುಖ’ವನ್ನು ಓದಿದವರಿಗೆ ಹೇತುವಿನ ಲಕ್ಷಣ ತಿಳಿದೇ ಇದೆ: ಸಾಧ್ಯವಿಲ್ಲದೆ ತಾನೂ ಇರಲಾರದಂತಹದೇ ಹೇತು. ಆ ಅವಿನಾಭಾವವನ್ನು ಇಲ್ಲಿ ಒರೆಗೆ ಹಚ್ಚಿ ನೋಡೋಣ. ನ್ಯೂಟ್ರಲಿನ ಪರೀಕ್ಷೆ ಪೆಟ್ರೋಲು ಗಾಡಿಗೆ ಒಪ್ಪುತ್ತದೆ; ಅಲ್ಲಿ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದು ಎಂಜಿನ್ನಿನ ವೇಗ ಇಳಿಯುತ್ತದೆ. ನಮ್ಮ ಕಾರಿನಲ್ಲಿ ಇರುವುದು ಒಂದೇ ಗೇರು. ನ್ಯೂಟ್ರಲಿನಲ್ಲಿ ವಿದ್ಯುತ್ತು ಮಾತ್ರ ನಿಲ್ಲುತ್ತದೆ, ಹಲ್ಲುಗಳ ಜೋಡಣೆ ಬಿಡುವುದಿಲ್ಲ. ಮೋಟಾರು ಚಕ್ರದೊಡನೆ ಸುತ್ತುತ್ತಲೇ ಇರುತ್ತದೆ. ಮೋಟಾರಿನ ಬೇರಿಂಗು ಕೆಟ್ಟಿದ್ದರೂ ಸದ್ದು ಉಳಿದೀತು, ಚಕ್ರದ್ದು ಕೆಟ್ಟಿದ್ದರೂ ಉಳಿದೀತು. ಎರಡೂ ಕಡೆ ಸಲ್ಲುವ ಹೇತು ಅನೈಕಾಂತಿಕ, ಹೇತ್ವಾಭಾಸ. ಇನ್ನು ಸಲಹೆಗಾರರ ಹೇತು. ಚಕ್ರ ಅಲುಗುವುದು ಬೇರಿಂಗು ತೀರ ಸವೆದ ಮೇಲೆ. ಅದರೊಳಗಿನ ಹಾದಿಯಲ್ಲಿ ತುಕ್ಕಿನ ಚುಕ್ಕೆಗಳೆದ್ದು ಒರಟಾದರೂ ಸಡಿಲು ಕಾಣದಿರುವುದುಂಟು. ‘ಸಡಿಲಿಲ್ಲ’ ಎಂಬುದರಿಂದ ‘ದೋಷವಿಲ್ಲ’ ಎಂಬುದು ಸಿದ್ಧಿಸದು. ತಾಳೆಪಟ್ಟಿಯ ಎರಡು ಮಗ್ಗುಲು ಕೂಡಿಬಂದ ಮಾತ್ರಕ್ಕೆ ಲೆಕ್ಕ ಶುದ್ಧವೆಂದು ಹೇಳಕೂಡದೆಂದು ನಮಗೆ ಬಿ.ಕಾಂ. ತರಗತಿಯಲ್ಲಿ ಮೊದಲ ವರ್ಷವೇ ಕಲಿಸಿದ್ದರು.

ನಿರ್ಣಾಯಕವಾದ ಪರೀಕ್ಷೆ ದೊರೆತದ್ದು ಕಾರ್ಕಳದ ಕಡೆಯ ತಿರುವುಗಳಲ್ಲಿ. ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡಗಡೆಯ ಚಕ್ರಗಳ ಮೇಲೆ ವಾಲುತ್ತದೆ, ಎಡಕ್ಕೆ ತಿರುಗಿದರೆ ಬಲದ ಮೇಲೆ. ನಮ್ಮ ಸದ್ದು ಪ್ರತಿಯೊಂದು ಬಲ ತಿರುವಿನಲ್ಲಿಯೂ ಏರಿತು, ಎಡ ತಿರುವಿನಲ್ಲಿ ಇಳಿಯಿತು. ಮೋಟಾರು ಗಾಡಿಯ ಭಾರವನ್ನು ಹೊರುವುದಿಲ್ಲ. ಭಾರ ವಾಲಿದರೆ ಅದಕ್ಕೇನು? ಮೋಟಾರಿನ ಒಳಗಿನ ಸದ್ದು ಹೀಗೆ ತಿರುವಿನ ದಿಕ್ಕನ್ನು ಅನುಸರಿಸಲು ಕಾರಣ ಕಾಣದು. ಎಡಗಡೆಯ ಎರಡು ಚಕ್ರಗಳಲ್ಲಿ ಒಂದು ಎಂಬಲ್ಲಿಗೆ ಶಂಕೆ ನಿಂತಿತು. ಕುಳಿತವರ ಕಿವಿಗೆ ಅದು ಮುಂದಿನಿಂದಲೇ ಬರುತ್ತಿತ್ತು.

ಪೇಟೆಯ ಹೊರಗೆ ರಿಕ್ಷಾ, ಟೆಂಪೊ ದುರಸ್ತಿ ಮಾಡುವ ಹಿರಿಯ ಮೆಕ್ಯಾನಿಕರೊಬ್ಬರಿದ್ದಾರೆ. ಅವರು ಕಾರನ್ನು ಎತ್ತಿಸಿ, ಒಂದು ಕೈಯಿಂದ ಚಕ್ರ ತಿರುಗಿಸುತ್ತ ಇನ್ನೊಂದು ಕೈಯನ್ನು ಅದರ ಪಕ್ಕದ ಸ್ಪ್ರಿಂಗಿನ ಮೇಲೆ ಇಟ್ಟರು. ಮುಂದಿನ ಎರಡರಲ್ಲಿ ಏನೂ ಇಲ್ಲ. ಹಿಂದಿನ ಎಡ ಚಕ್ರಕ್ಕೆ ಬಂದಾಗ ನನ್ನ ಕೈಯನ್ನೂ ಹಿಡಿದು ಸ್ಪ್ರಿಂಗಿನ ಮೇಲೆ ಇಡಿಸಿದರು. ಮರಳನ್ನು ಅರೆದಂತೆ ನಡುಗು. ಬಲಗಡೆಯದನ್ನು ಮುಟ್ಟಿ ಹೋಲಿಸಿದೆವು. ಅದು ಎಣ್ಣೆಯಂತೆ ನಯ. ನಮ್ಮ ಕಾರಿನಲ್ಲಿ ಮೋಟಾರು ನಡೆಸುವುದು ಮುಂದಿನ ಚಕ್ರಗಳನ್ನು. ಹಿಂದಿನವಕ್ಕೂ ಮೋಟಾರಿಗೂ ಯಾವ ಜೋಡಣೆಯೂ ಇಲ್ಲ. ಸದ್ದಿನ ಪುದ್ಗಲ ಕಾರಿನ ಉಕ್ಕಿನ ಮೈಯಲ್ಲಿ ಹರಿದು ಮುಂದೆ ಬಂದು ನಮ್ಮ ಕಿವಿಗೆ ತಾಗುತ್ತಿತ್ತು. ಅವಾಯವಾಯಿತು.

ಈ ಬೇರಿಂಗು ಮೊಹರು ಮಾಡಿದ ಒಂದೇ ಘಟಕ; ಬಿಚ್ಚಿ ಗ್ರೀಸು ತುಂಬುವಂತಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ರಸ್ತೆಯ ಮೇಲೆ ನಿಂತ ನೀರಿನಲ್ಲಿ ಚಕ್ರ ಮುಳುಗಿ ಏಳುತ್ತದೆ. ರಬ್ಬರಿನ ಅಂಚು ಎಲ್ಲಾದರೂ ಬಿಟ್ಟುಕೊಟ್ಟರೆ ತೇವ ಒಳಹೊಕ್ಕು ಗ್ರೀಸು ಕೆಟ್ಟು ಉಕ್ಕು ತುಕ್ಕುಹಿಡಿಯುತ್ತದೆ. ಹೆದ್ದಾರಿ 169ರ ಕಾಮಗಾರಿಯ ಹೊಂಡಗಳ ಏಟೂ ಸೇರಿರಬಹುದು. ಬ್ಯಾಟರಿಯೊಂದೇ 250 ಕಿಲೋಗ್ರಾಮಿನ ಆಸುಪಾಸು ಇರುವ ಗಾಡಿಗೆ ಹೊಂಡದ ಏಟು ಹೆಚ್ಚು. ಹಾಗೆಯೇ ಬಿಟ್ಟಿದ್ದರೆ ಕಾದು, ಸಡಿಲಾಗಿ, ಕಡೆಗೆ ಓಡುವಾಗಲೇ ಚಕ್ರ ಹಿಡಿದುಕೊಳ್ಳುವ ಅಪಾಯವಿತ್ತು. ಗ್ರೀಸಿನಲ್ಲಿ ಪ್ರಾಣಿಜನ್ಯ ಕೊಬ್ಬು ಇರುವುದೇ ಎಂದು ಮನೆಯಲ್ಲಿ ಪ್ರಶ್ನೆಯೆದ್ದಿತು. ಇಂದು ಬೇರಿಂಗುಗಳಲ್ಲಿ ಬಹುವಾಗಿ ಬಳಸುವ ಒಂದು ಬಗೆಯ ಲಿಥಿಯಂ ಗ್ರೀಸಿಗೆ ಹರಳೆಣ್ಣೆಯಿಂದ ತೆಗೆದ ಆಮ್ಲವೇ ಆಧಾರ; ಕೊಬ್ಬಿನಿಂದ ಮಾಡುವ ಗ್ರೀಸುಗಳೂ ಇವೆ. ಕೇಳಿ ಕೊಳ್ಳುವುದು ಒಳ್ಳೆಯದು.

ಇಷ್ಟು ಯಂತ್ರದ ಮಾತು. ಈ ಪತ್ರಿಕೆಗೆ ಇದನ್ನು ಬರೆಯಲು ಕಾರಣ ಬೇರೆ.

ಕಾರಿನ ಸಾಮಾನ್ಯ ವಾರಂಟಿ ಮೂರು ವರ್ಷದ್ದು. ಅದು 2024ರ ನವೆಂಬರಿಗೆ ಮುಗಿದಿತ್ತು. ಮೋಟಾರು ಮತ್ತು ಬ್ಯಾಟರಿಗಳಿಗೆ ಮಾತ್ರ ಎಂಟು ವರ್ಷ. ಎಂದರೆ ದೋಷ ಮೋಟಾರಿನದೆಂದಾದರೆ ನನಗೆ ಖರ್ಚಿಲ್ಲ, ಬೇರಿಂಗಿನದೆಂದಾದರೆ ಪೂರ್ತಿ ನನ್ನ ಜೇಬಿನಿಂದ. ನಾನು ಮೆಕ್ಯಾನಿಕರಲ್ಲಿಗೆ ಹೋಗಿ ಬರುವಷ್ಟರಲ್ಲಿ ಸರ್ವಿಸ್ ಸ್ಟೇಷನ್ನಿನಿಂದ ಫೋನು ಬಂದಿತ್ತು: ಹೊಸ ಮೋಟಾರಿಗೆ ಕಂಪೆನಿಯ ಮಂಜೂರಾತಿ ದೊರೆತಿದೆ.

ನನ್ನ ತಂಗಿಯ ಮಗ ವ್ಯವಹಾರ ಬಲ್ಲವನು. “ಮಾವ, ಅವರ ಜನವೇ ನೋಡಿ ಅವರೇ ಕೊಡುತ್ತಿದ್ದಾರೆ. ಬೇಡ ಎನ್ನಲಿಕ್ಕೆ ನಾವು ಯಾರು? ಮೋಟಾರೂ ಹೊಸತಾಗುತ್ತದೆ. ಬೇರಿಂಗನ್ನು ಆಮೇಲೆ ಹಾಕಿಸಿದರಾಯಿತು” ಎಂದ. ಸುಳ್ಳು ಹೇಳು ಎಂದು ಅವನು ಹೇಳಲಿಲ್ಲ. ಬಾಯಿ ಮುಚ್ಚಿಕೊಂಡಿರಿ ಎಂದ, ಅಷ್ಟೆ. ಅಚೌರ್ಯಾಣುವ್ರತವನ್ನು ಹೊತ್ತ ಎಷ್ಟೋ ಮಂದಿ ಸಜ್ಜನರು ಇದರಲ್ಲಿ ದೋಷ ಕಾಣಲಾರರು ಎಂಬುದೂ ನನಗೆ ಗೊತ್ತು.

ಕೊಡದಿರುವುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಹಾಗಾದರೆ ಇಲ್ಲಿ ಮೋಟಾರು ದತ್ತವೋ ಅದತ್ತವೋ? ಕಂಪೆನಿಯ ವಚನವನ್ನು ಓದಬೇಕು. ಮೋಟಾರು ಕೆಟ್ಟರೆ ಕೊಡುತ್ತೇನೆ ಎಂಬುದು ಅದರ ವಚನ. ಕೆಡದ ಮೋಟಾರಿಗೆ ಬದಲು ಮೋಟಾರನ್ನು ಅದು ಯಾರಿಗೂ ಕೊಟ್ಟಿಲ್ಲ. ಅದರ ನೌಕರನು ತಪ್ಪಾಗಿ ತಿಳಿದು ಕೈಯೆತ್ತಿ ಕೊಟ್ಟರೆ ಆ ಕೊಡುಗೆ ಧಣಿಯದಾಗುವುದಿಲ್ಲ. ಗಿರಾಕಿ ನೂರರ ನೋಟೆಂದು ಐನೂರರ ನೋಟನ್ನು ಕೊಟ್ಟುಹೋದಾಗ ‘ಅವನೇ ಕೊಟ್ಟ’ ಎಂದು ಗಲ್ಲಾಪೆಟ್ಟಿಗೆಗೆ ಹಾಕಿಕೊಳ್ಳುವ ವ್ಯಾಪಾರಿಯನ್ನು ನಾವು ಏನೆಂದು ಕರೆಯುತ್ತೇವೆ? ತಾಮ್ರ, ಉಕ್ಕು, ಭೂಮಿಯನ್ನು ಅಗೆದು ತೆಗೆದ ಅಯಸ್ಕಾಂತದ ಧಾತುಗಳು ಸೇರಿ ಒಂದು ಮೋಟಾರು. ಸರಿಯಿರುವುದನ್ನು ಕಿತ್ತು ಮೂಲೆಗೆ ಎಸೆಯುವುದರಲ್ಲಿ ಆರಂಭದೋಷವೂ ಇದೆ. ಆದರೆ ಮುಖ್ಯವಾದುದು ಅದತ್ತವೇ.

ಇದಕ್ಕಿಂತ ಕಠಿನವಾದ ಪ್ರಶ್ನೆಯನ್ನು ಅಳಿಯ ಮರುದಿನ ಹಾಕಿದ. “ನೀವು ಆ ಮೆಕ್ಯಾನಿಕರಲ್ಲಿಗೆ ಹೋಗದೇ ಇದ್ದಿದ್ದರೆ? ಗೊತ್ತಿಲ್ಲದೆ ತೆಗೆದುಕೊಂಡರೆ ದೋಷವಿಲ್ಲವಲ್ಲ?” ಗೊತ್ತಿಲ್ಲದಿದ್ದರೆ ಪ್ರಮತ್ತಯೋಗವಿಲ್ಲ, ನಿಜ. ಆದರೆ ಅಜ್ಞಾನ ಎರಡು ಬಗೆ. ಅರಿಯಲು ದಾರಿಯಿಲ್ಲದ್ದು ಒಂದು. ಅರಿತರೆ ನಷ್ಟವಾದೀತೆಂದು ಅರಿಯದೆ ಉಳಿಯುವುದು ಇನ್ನೊಂದು. ತಿರುವಿನಲ್ಲಿ ಸದ್ದು ಏರಿಳಿಯುವುದನ್ನು ಕಿವಿಯಾರೆ ಕೇಳಿದ ಮೇಲೂ ‘ತಜ್ಞರು ಹೇಳಿದ್ದಾರೆ’ ಎಂದು ಸುಮ್ಮನಿರುವುದು ಎರಡನೆಯ ಬಗೆಯದು. ಅದನ್ನು ಪ್ರಮಾದವೆನ್ನದೆ ಇನ್ನೇನೆನ್ನಲಿ? ಎಲ್ಲರೂ ಎಲ್ಲ ವಿಷಯದಲ್ಲಿಯೂ ಕೊನೆಯ ವರೆಗೆ ಶೋಧಿಸಬೇಕೆಂದು ನಾನು ಹೇಳಲಾರೆ. ಗೃಹಸ್ಥನಿಗೆ ಅದು ಅಸಾಧ್ಯ. ಶಂಕೆ ಹುಟ್ಟಿದ್ದು, ಪರೀಕ್ಷೆ ಸುಲಭವಿದ್ದದ್ದು, ತಿಳಿಯದಿರುವುದರಿಂದ ತನಗೆ ಲಾಭವಿದ್ದದ್ದು, ಈ ಮೂರೂ ಕೂಡಿದಲ್ಲಿ ಸುಮ್ಮನಿರಲು ಅವಕಾಶವಿಲ್ಲವೆಂಬುದು ನನ್ನ ಮತ. ಅಳಿಯ ಇದನ್ನು ಪೂರ್ತಿ ಒಪ್ಪಿಲ್ಲ. ವಿದ್ವಾಂಸರು ಬೇರೆ ರೀತಿಯಲ್ಲಿ ಹೇಳುವುದಾದರೆ ಓದಲು ಉತ್ಸುಕನಾಗಿದ್ದೇನೆ. ಬಸದಿಗಳ ಟ್ರಸ್ಟುಗಳವರು ಯಾತ್ರಿಕರಿಗಾಗಿ ವಿದ್ಯುತ್ ವಾಹನ ಇರಿಸಿಕೊಂಡಾಗ, ವಿಮೆ, ವಾರಂಟಿಗಳ ಲೆಕ್ಕದಲ್ಲಿ ಈ ಪ್ರಶ್ನೆ ಅವರ ಖಜಾಂಚಿಯ ಮೇಜಿನ ಮೇಲೂ ಬಂದೀತು.

ಮಾರ್ಚ್ ತಿಂಗಳಲ್ಲಿ ಸರ್ವಿಸ್ ಸ್ಟೇಷನ್ನಿಗೆ ಹೋಗಿ, ಮೋಟಾರು ಬೇಡವೆಂದೂ ಹಿಂದಿನ ಎಡ ಬೇರಿಂಗನ್ನು ನನ್ನ ಖರ್ಚಿನಲ್ಲಿ ಬದಲಿಸಬೇಕೆಂದೂ ಬರೆದುಕೊಟ್ಟೆ. ಸಲಹೆಗಾರರ ಮುಖ ಸಣ್ಣದಾಯಿತು. ಅವರು ಮೋಸಗಾರರಲ್ಲ, ಮಂಜೂರಾದುದನ್ನು ರದ್ದು ಮಾಡಿಸಲು ಮೇಲಿನವರಿಗೆ ಕಾರಣ ಬರೆಯಬೇಕಾದ ಸಂಕಟ ಅವರದು. ಅವರನ್ನು ಕಾರಿನ ಬಳಿಗೆ ಕರೆದೊಯ್ದು, ಸ್ಪ್ರಿಂಗಿನ ಮೇಲೆ ಕೈಯಿಡಲು ಹೇಳಿ ಚಕ್ರ ತಿರುಗಿಸಿದೆ. ಕೈಯನ್ನು ಬೇಗ ತೆಗೆಯಲಿಲ್ಲ. ಬಲಗಡೆಗೂ ಹೋಗಿ ಮುಟ್ಟಿ ಬಂದರು. “ಇದನ್ನು ನಮ್ಮ ಹುಡುಗರಿಗೂ ತೋರಿಸಬೇಕು ಸರ್” ಎಂದರು.

ಬಿಲ್ಲು 9,400 ರೂಪಾಯಿ ಆಯಿತು. ಬೇರಿಂಗಿನ ಒಂದು ಮಗ್ಗುಲಲ್ಲಿ ಚಕ್ರದ ವೇಗವನ್ನು ಅಳೆಯುವ ಅಯಸ್ಕಾಂತದ ಬಳೆಯಿರುತ್ತದೆ. ಅದಕ್ಕೆ ಏಟು ಬೀಳದಂತೆ ಕೂರಿಸಬೇಕಾದುದರಿಂದ ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ಸಂಜೆ ಮನೆಗೆ ಬರುವಾಗ 60ರಲ್ಲಿ ಟಯರು ಡಾಮರನ್ನು ಸವರುವ ಸದ್ದಲ್ಲದೆ ಬೇರೇನೂ ಇರಲಿಲ್ಲ. ಬಲಗಡೆಯ ಬೇರಿಂಗೂ ಅದೇ ನೀರಿನಲ್ಲಿ ಓಡಿದ್ದೇ ಆದುದರಿಂದ ಮಳೆಗಾಲ ಕಳೆದ ಮೇಲೆ ಅದನ್ನೂ ಒಮ್ಮೆ ಎತ್ತಿಸಿ ನೋಡಬೇಕೆಂದು ದಿನಚರಿಯಲ್ಲಿ ಗುರುತು ಹಾಕಿಕೊಂಡಿದ್ದೇನೆ.