ಸಾಲದ ಹಣ, ಬಸ್ಸಿನ ಪಯಣ

1939ರ ಜುಲೈ ತಿಂಗಳಲ್ಲಿ ವಿಜ್ಞಾನ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ ನ್ಯೂಯಾರ್ಕಿನಲ್ಲಿ ನಡೆಯಿತು. ಸೇರಿದವರು ಸುಮಾರು 200 ಮಂದಿ. ಅವರಲ್ಲಿ 18ರ ಹರೆಯದ ರೇ ಬ್ರಾಡ್‌ಬರಿಯೂ ಇದ್ದ. ಹೈಸ್ಕೂಲು ಮುಗಿಸಿ ಲಾಸ್ ಏಂಜಲೀಸ್‌ನ ಬೀದಿಯಲ್ಲಿ ಪತ್ರಿಕೆ ಮಾರುತ್ತಿದ್ದ ಹುಡುಗ. ಕಾಲೇಜಿಗೆ ಹೋಗಲು ಹಣವಿರಲಿಲ್ಲ. ಗೆಳೆಯ ಫಾರೆಸ್ಟ್ ಆ್ಯಕರ್‌ಮನ್‌ನಿಂದ ಸಾಲ ಪಡೆದು, ದೇಶದ ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲೇ ಹೋದ.

ನನಗೆ ತುಂಬ ಹಿಡಿಸಿದ್ದು ಅವನು ಹೊತ್ತೊಯ್ದ ಗಂಟು. ಅದರಲ್ಲಿ ಗೆಳೆಯ ಹ್ಯಾನೆಸ್ ಬಾಕ್‌ನ ಚಿತ್ರಗಳಿದ್ದವು. ಅವುಗಳನ್ನು ಅಲ್ಲಿನ ಸಂಪಾದಕರಿಗೆ ತೋರಿಸಿದ. ಅದೇ ಡಿಸೆಂಬರಿನ 'ವಿಯರ್ಡ್ ಟೇಲ್ಸ್' ಪತ್ರಿಕೆಯ ಮುಖಪುಟದಲ್ಲಿ ಬಾಕ್‌ನ ಚಿತ್ರ ಬಂತು. ತನ್ನ ಕಥೆಗೆ ಹಣ ಸಿಗಲು ಮಾತ್ರ ಬ್ರಾಡ್‌ಬರಿ 1941ರವರೆಗೆ ಕಾಯಬೇಕಾಯಿತು!

ಇದನ್ನು ನಾನು ತರಗತಿಯಲ್ಲಿ ಹೇಳಿದ್ದು ವಿದ್ಯಾರ್ಥಿನಿಯೊಬ್ಬಳ ತಾಯಿಯ ಕಿವಿಗೂ ಬಿತ್ತು. "ಅವನು ಹುಡುಗ, ಹೋದ. ನಮ್ಮ ಹೆಣ್ಣುಮಕ್ಕಳನ್ನು ಹಾಗೆ ಕಳಿಸಲಾಗುತ್ತದೆಯೇ ಟೀಚರ್?" ಎಂದರು. ನಾಲ್ಕು ದಿನದ ಬಸ್ ಪ್ರಯಾಣಕ್ಕೆ ನಾನೂ ಒತ್ತಾಯಿಸಲಾರೆ. ಆದರೆ ಅವನು ಕಾಲೇಜಿನ ಬದಲು ಕಲಿತದ್ದು ಗ್ರಂಥಾಲಯದಲ್ಲಿ. ನಮ್ಮೂರ ಗ್ರಂಥಾಲಯಕ್ಕೆ ಹತ್ತು ನಿಮಿಷದ ದಾರಿ.

ಮರುವಾರ ಮಗಳನ್ನು ಸದಸ್ಯಳಾಗಿಸಲು ಬಂದ ಆ ತಾಯಿ, ತಮ್ಮ ಹೆಸರನ್ನೂ ಬರೆಸಿದರು.