ಸಾವಿರದ ಇಪ್ಪತ್ತನಾಲ್ಕು ಚೌಕಗಳ ಊರಲ್ಲಿ

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿರುವ ಬ್ಯಾಂಡ್ಲಿ ಡ್ರೈವ್ ಎಂಬ ಬೀದಿಯಲ್ಲಿ ಪ್ರವಾಸಿಗರು ನೋಡುವಂಥದ್ದು ಏನೂ ಇಲ್ಲ. ಎತ್ತರವಿಲ್ಲದ ಕಟ್ಟಡಗಳು, ಕಾರು ನಿಲ್ಲಿಸುವ ಬಯಲು, ಒಪ್ಪವಾಗಿ ಕತ್ತರಿಸಿದ ಹುಲ್ಲು. "ಚಿಕ್ಕಪ್ಪ, ಗೋಲ್ಡನ್ ಗೇಟ್ ಬಿಟ್ಟು ಇದನ್ನ ನೋಡೋಕೆ ಬಂದ್ರಾ?" ಎಂದು ಅಣ್ಣನ ಮಗಳು ಸ್ಟಿಯರಿಂಗ್ ಹಿಂದಿನಿಂದಲೇ ನಕ್ಕಳು. ಅವಳ ಕಸುಬೇ ಮೊಬೈಲ್ ಆ್ಯಪ್‌ಗಳಿಗೆ ಐಕಾನ್ ಬಿಡಿಸುವುದು. ಆ ಕಸುಬು ಹುಟ್ಟಿ ಬೆಳೆದ ಬೀದಿಗಳಲ್ಲಿ ಇದೂ ಒಂದು ಎಂದು ನಾನು ಹೇಳಿದ ಮೇಲೆ ಕಾರಿನಿಂದ ಇಳಿದಳು.

1983ರಲ್ಲಿ ಆ್ಯಪಲ್‌ನ ಮ್ಯಾಕಿಂಟಾಷ್ ಕಂಪ್ಯೂಟರ್ ಕಟ್ಟುತ್ತಿದ್ದ ಗುಂಪು ಇದೇ ಬೀದಿಯ ಕಟ್ಟಡವೊಂದರಲ್ಲಿತ್ತು. ಅದರ ನೆತ್ತಿಯ ಮೇಲೆ ಕಡಲ್ಗಳ್ಳರ ಬಾವುಟ ಹಾರುತ್ತಿತ್ತು. ಬಾವುಟದ ತಲೆಬುರುಡೆಗೆ ಬಣ್ಣ ಬಳಿದವರು ಸೂಸನ್ ಕೇರ್. ಬುರುಡೆಯ ಒಂದು ಕಣ್ಣಿಗೆ ಪಟ್ಟಿಯಾಗಿ ಕಾಮನಬಿಲ್ಲಿನ ಬಣ್ಣಗಳ ಸೇಬು. ಕಲೆಯಲ್ಲಿ ಡಾಕ್ಟರೇಟ್ ಮಾಡಿದ್ದ ಈಕೆಗೆ ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ. ಅರ್ಕನ್ಸಾದ ಮ್ಯೂಸಿಯಂ ಒಂದಕ್ಕಾಗಿ ಕಬ್ಬಿಣ ಬೆಸೆದು ಕಾಡುಹಂದಿಯ ಶಿಲ್ಪ ಮಾಡುತ್ತಿದ್ದಾಗ ಹೈಸ್ಕೂಲಿನ ಗೆಳೆಯ ಆ್ಯಂಡಿ ಹರ್ಟ್ಸ್‌ಫೆಲ್ಡ್ ಫೋನ್ ಮಾಡಿ, ಹೊಸ ಯಂತ್ರಕ್ಕೆ ಚಿಕ್ಕ ಚಿತ್ರಗಳು ಬೇಕು ಎಂದ. ಬಿಡಿಸಲು ತಂತ್ರಾಂಶವೇ ಇನ್ನೂ ತಯಾರಿರಲಿಲ್ಲ. ಕೇರ್ ಪಾಲೊ ಆಲ್ಟೊದ ಅಂಗಡಿಯಿಂದ ಚೌಕುಳಿ ಗೆರೆಯ ಪುಟ್ಟ ನೋಟುಬುಕ್ ಕೊಂಡರು. ಚಿತ್ರವೊಂದಕ್ಕೆ ಉದ್ದದಲ್ಲಿ 32, ಅಗಲದಲ್ಲಿ 32, ಒಟ್ಟು 1024 ಚೌಕ. ಒಂದೊಂದು ಚೌಕವೂ ಪರದೆಯ ಒಂದೊಂದು ಪಿಕ್ಸೆಲ್. ತುಂಬಿದರೆ ಕಪ್ಪು, ಬಿಟ್ಟರೆ ಬಿಳಿ. ಬೂದು ಎಂಬುದೂ ಇಲ್ಲ.

ಬಣ್ಣ ಸುರಿಯುವ ಡಬ್ಬಿ, ಚಿತ್ರದ ಭಾಗವನ್ನು ಹಿಡಿಯುವ ಹಗ್ಗದ ಕುಣಿಕೆ, ಯಂತ್ರ ಕೆಟ್ಟಾಗ ಬರುವ ಬಾಂಬು, ಎಲ್ಲ ಸರಿಯಿದ್ದರೆ ನಗುವ ಕಂಪ್ಯೂಟರ್ ಎಲ್ಲವೂ ಈ ಲೆಕ್ಕದಲ್ಲೇ ಮೂಡಿದವು. ಆ ನೋಟುಬುಕ್ ಈಗ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಸೇರಿದೆ. ಕೇರ್ ತಮ್ಮ ಕೆಲಸವನ್ನು ಸೂಜಿಕಸೂತಿಗೂ ಮೊಸಾಯಿಕ್‌ಗೂ ಹೋಲಿಸಿದವರು. ನನಗೆ ಮಾತ್ರ ಧಾರವಾಡದ ಕಸೂತಿಯೇ ಕಣ್ಣೆದುರು ಬಂತು: ಇಳಕಲ್ ಸೀರೆಯ ಮೇಲೆ ಗುರುತು ಹಾಕದೆ, ಬಟ್ಟೆಯ ಎಳೆ ಎಣಿಸುತ್ತಲೇ ಗೋಪುರವನ್ನೂ ಆನೆಯನ್ನೂ ಎಬ್ಬಿಸುವ ಹೆಂಗಸರನ್ನು ಒಮ್ಮೆ ಈ ಬೀದಿಗೆ ಕರೆತಂದಿದ್ದರೆ ಅರ್ಧ ಗಂಟೆಯಲ್ಲಿ ಕೆಲಸ ಹಿಡಿಯುತ್ತಿದ್ದರು.

ಅಲ್ಲಿಂದ ಹತ್ತಿರದಲ್ಲೇ ಇನ್ಫಿನಿಟ್ ಲೂಪ್. ಆ್ಯಪಲ್‌ನ ಹಳೆಯ ಆವರಣ. ತೊಂಬತ್ತರ ದಶಕದಲ್ಲಿ ಇಲ್ಲಿಯ ಹುಲ್ಲಿನ ಮೇಲೆ ಐಕಾನ್ ತೋಟವಿತ್ತು. ಪರದೆಯ ಮೇಲಿನ ಪುಟಾಣಿ ಚಿತ್ರಗಳನ್ನು ಆಳೆತ್ತರ ಮೀರಿದ ಹಲಗೆಗಳಾಗಿ ಕತ್ತರಿಸಿ, ಪಿಕ್ಸೆಲ್‌ಗಳ ಮೆಟ್ಟಿಲಂಚನ್ನು ಹಾಗೆಯೇ ಉಳಿಸಿ ನಿಲ್ಲಿಸಿದ್ದರು. ಸ್ಟೀವ್ ಜಾಬ್ಸ್ ಕಂಪನಿಗೆ ಮರಳಿದ ಮೇಲೆ ತೆಗೆಸಿಬಿಟ್ಟರು. ಖಾಲಿ ಹುಲ್ಲು ನೋಡುತ್ತಾ ನಿಂತೆ. ಕುಂಚವೊಂದು ಅಷ್ಟು ದೊಡ್ಡದಾಗಿ ಎದುರಿಗೆ ನಿಂತಿದ್ದರೆ ಏನನಿಸುತ್ತಿತ್ತೋ! ಇಡೀ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಬೇಸರ ತಂದದ್ದು ಆ ಖಾಲಿ ಜಾಗ.

ಬೇಸರ ಕಳೆದದ್ದು ಸನಿವೇಲ್‌ನ ಕನ್ನಡಿಗ ಗೆಳೆಯರೊಬ್ಬರ ಗ್ಯಾರೇಜಿನಲ್ಲಿ. ಅವರ ಬಳಿ ಹಳೆಯದೊಂದು ಮ್ಯಾಕ್ ಪ್ಲಸ್ ಇದೆ, ಇನ್ನೂ ನಡೆಯುತ್ತದೆ. ಗುಂಡಿ ಒತ್ತಿದೊಡನೆ 'ಟಿಣ್' ಎಂದು ಒಂದು ದನಿ, ಒಂಬತ್ತು ಇಂಚಿನ ಪರದೆಯ ನಡುವೆ ನಗುಮುಖ. ಭೂತಗನ್ನಡಿ ಹಿಡಿದು ನೋಡಿದೆ. ಕಣ್ಣಿಗೆರಡು ಗೀಟು, ಒಂದು ಮೂಗು, ಬಾಯಿಗೊಂದು ಬಾಗು. ಅಷ್ಟೇ! ಬೆರಳೆಣಿಕೆಯ ಚುಕ್ಕಿಗಳು ಸೇರಿ ನನ್ನನ್ನು ಸ್ವಾಗತಿಸುತ್ತಿದ್ದವು. ನನಗೂ ನಗು ಬಂದೇಬಿಟ್ಟಿತು.

ಚಿತ್ರ ಬಿಡಿಸುವ ಮ್ಯಾಕ್‌ಪೇಂಟ್ ತಂತ್ರಾಂಶ ತೆರೆದರು. ಪರದೆಯ ಕೆಳಗಡೆ 38 ನಮೂನೆಗಳ ಪಟ್ಟಿ: ಇಟ್ಟಿಗೆ, ಹೆಂಚು, ನೇಯ್ಗೆ, ಮಳೆಗೆರೆ. ಪ್ರತಿ ನಮೂನೆಯೂ 8 ಪಿಕ್ಸೆಲ್ ಅಗಲ, 8 ಎತ್ತರದ ತುಂಡು. ಅದನ್ನೇ ಅಕ್ಕಪಕ್ಕ ಜೋಡಿಸುತ್ತಾ ಹೋದರೆ ಗೋಡೆ. ಬಿಟ್ಟು ಬಿಟ್ಟು ಒಂದು ಚುಕ್ಕಿ ಕಪ್ಪಾದರೆ ದೂರಕ್ಕೆ ಬೂದುಬಣ್ಣ. ಇಲ್ಲದ ಬಣ್ಣವನ್ನು ಕಣ್ಣೇ ಬೆರೆಸಿಕೊಳ್ಳುತ್ತದೆ! ಫ್ಯಾಟ್‌ಬಿಟ್ಸ್ ಎಂಬ ಸವಲತ್ತು ಒತ್ತಿದರೆ ಚಿತ್ರ ಎಂಟು ಪಟ್ಟು ಹಿಗ್ಗುತ್ತದೆ, ಮೂಲೆಯಲ್ಲಿ ಅದರ ನಿಜವಾದ ಗಾತ್ರವೂ ಕಾಣುತ್ತಿರುತ್ತದೆ. ದೊಡ್ಡದರಲ್ಲಿ ಕೈ, ಚಿಕ್ಕದರಲ್ಲಿ ಕಣ್ಣು. ದೊಡ್ಡದರಲ್ಲಿ ಸೊಟ್ಟಗೆ ಕಾಣುವ ಚುಕ್ಕಿಯೇ ಚಿಕ್ಕದರಲ್ಲಿ ಗೆರೆಗೆ ಜೀವ ಕೊಡುತ್ತದೆ ಎಂಬುದನ್ನು ಅಲ್ಲಿ ಕಂಡೆ.

ಅಕ್ಷರದ ಸಂಗತಿ ಇನ್ನೂ ಸೊಗಸು. ಮೆನುಗಳಿಗಾಗಿ ಕೇರ್ ಶಿಕಾಗೊ ಎಂಬ ಅಕ್ಷರಶೈಲಿ ಮಾಡಿದರು. ಅದರ ನಿಲುಗೆರೆಗಳು ಎರಡು ಪಿಕ್ಸೆಲ್ ದಪ್ಪ. ಬಳಸಲಾಗದ ಆಯ್ಕೆಯನ್ನು ಯಂತ್ರ ಮಸುಕಾಗಿಸುವಾಗ ಚುಕ್ಕಿಗಳನ್ನು ಒಂದು ಬಿಟ್ಟು ಒಂದರಂತೆ ಅಳಿಸುತ್ತದೆ. ಗೆರೆ ದಪ್ಪಗಿರುವುದರಿಂದ ಅರ್ಧ ಹೋದರೂ ಓದಲು ಬರುತ್ತದೆ. ನಾನು ಅದೇ ಪರದೆಯಲ್ಲಿ 'ಕ' ಬಿಡಿಸಿದೆ. ತಲೆಕಟ್ಟು ಬಂತು, ಅಡ್ಡಗೆರೆ ಬಂತು, ಕೆಳಗಿನ ದುಂಡು ಮೆಟ್ಟಿಲು ಮೆಟ್ಟಿಲಾಯಿತು, ಆದರೂ 'ಕ' ಎಂದು ಯಾರಾದರೂ ಹೇಳಬಹುದಿತ್ತು. 'ಸ್ತ್ರೀ' ಬರೆಯಹೊರಟಾಗ ಮಾತ್ರ ಯಂತ್ರ ಇಂಗ್ಲಿಷಿನವರದು ಎಂದು ನೆನಪಾಯಿತು. ಒತ್ತು ಕೆಳಗೆ, ಗುಡಿಸು ಮೇಲೆ, ದೀರ್ಘ ಬಲಕ್ಕೆ. ಇಂಗ್ಲಿಷ್ ಅಕ್ಷರದ ಎತ್ತರ ನಮಗೆ ಸಾಲುವುದೇ ಇಲ್ಲ.

ಮಾರನೆಯ ದಿನ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಇತಿಹಾಸದ ಮ್ಯೂಸಿಯಂ. ಎಷ್ಟೆಲ್ಲ ಇದೆ ಅಲ್ಲಿ! ನಾನು ಹೆಚ್ಚು ಹೊತ್ತು ನಿಂತದ್ದು 1973ರ ಜೆರಾಕ್ಸ್ ಆಲ್ಟೊ ಕಂಪ್ಯೂಟರ್ ಮುಂದೆ, ಆಮೇಲೆ ಬಿಳಿಯ ಟೀಪಾಟ್ ಒಂದರ ಮುಂದೆ. ಕಂಪ್ಯೂಟರ್ ಚಿತ್ರಕಲೆಯವರು ಬೆಳಕು, ನೆರಳು, ಮೇಲ್ಮೈಯ ಹೊಳಪನ್ನು ಪರೀಕ್ಷಿಸಲು ದಶಕಗಟ್ಟಲೆ ಬಳಸಿದ ಆಕಾರಕ್ಕೆ ಮೂಲವಾದ ಟೀಪಾಟ್ ಇದೇ. ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್ ತಮ್ಮ ಮನೆಯದನ್ನೇ ನೋಡಿ ಬಿಡಿಸಿ ಲೆಕ್ಕಕ್ಕಿಳಿಸಿದ್ದರು. ಟೀ ಸುರಿಯುವ ಪಾತ್ರೆಗೆ ಗಾಜಿನ ಪೆಟ್ಟಿಗೆ!

ಬಣ್ಣದ ಪಾಠ ಸಿಕ್ಕಿದ್ದು ಮ್ಯೂಸಿಯಂನ ಕಾಫಿ ಮೇಜಿನಲ್ಲಿ. ಅಣ್ಣನ ಮಗಳು ಲ್ಯಾಪ್‌ಟಾಪ್ ತೆರೆದು ತಾನು ಬಿಡಿಸುತ್ತಿದ್ದ ತೆಂಗಿನಕಾಯಿಯ ಐಕಾನ್ ತೋರಿಸಿದಳು. "ಅಂಚಿಗೆ ಕಪ್ಪು ಹಾಕಲ್ಲ ಚಿಕ್ಕಪ್ಪ, ಕಂದುಬಣ್ಣದ್ದೇ ಗಾಢವಾದದ್ದು ಹಾಕ್ತೀನಿ. ಕಪ್ಪು ಹಾಕಿದ್ರೆ ಚಿತ್ರ ಬಿಗಿದು ಕಟ್ಟಿದ ಹಾಗಿರುತ್ತೆ." ಬೆಳಕು ಎಡ ಮೇಲಿನಿಂದ ಬೀಳುತ್ತದೆ ಎಂದಿಟ್ಟುಕೊಂಡು ಅಲ್ಲೊಂದು ತಿಳಿ ಚುಕ್ಕಿ, ಎದುರು ಮೂಲೆಯಲ್ಲಿ ನೆರಳು. ಬಾಗಿದ ಅಂಚಿನ ಮೆಟ್ಟಿಲುಗಳ ಸಂದಿಗೆ ನಡುಬಣ್ಣದ ಚುಕ್ಕಿ. ಮೆಟ್ಟಿಲು ಕರಗಿ ದುಂಡಗಾಯಿತು. ನಾರಿಗೆ ಮೊದಲು ನಿಜವಾದ ತೆಂಗಿನಕಾಯಿಯ ಫೋಟೊವನ್ನು ಮೇಲ್ಪದರವಾಗಿ ಹಾಸಿ, ತೆಳುವಾಗಿಸಿ, ಕೆಳಗಿನ ಬಣ್ಣದೊಂದಿಗೆ ಬೆರೆಸಿದ್ದಳು. ದೊಡ್ಡದರಲ್ಲಿ ಭಲೇ ಚೆಂದ. 16 ಪಿಕ್ಸೆಲ್‌ಗೆ ಇಳಿಸಿದೊಡನೆ ಕೆಸರು! ಆ ಗಾತ್ರಕ್ಕೆ ಪದರವನ್ನೇ ತೆಗೆದು, ಮೂರು ಗೀಟು ಎಳೆದು, ಮೂರು ಕಣ್ಣು ಇಟ್ಟಳು. ತೆಂಗಿನಕಾಯಿ ಮತ್ತೆ ಬಂತು. ಆಮೇಲೆ ಬಣ್ಣವನ್ನೆಲ್ಲ ಅಳಿಸಿ ಬರೀ ಬೂದಿನಲ್ಲಿ ನೋಡಿದಳು. ಬಣ್ಣವಿಲ್ಲದೆಯೂ ಗುರುತು ಸಿಕ್ಕಿದರೆ ಮಾತ್ರ ಪಾಸು.

"ಈಗ ಆ್ಯಪ್ ಅಂಗಡಿಗೆ ಯಾವ ಗಾತ್ರ ಕಳಿಸ್ತೀಯ?" ಎಂದೆ.

"ಆ್ಯಪಲ್‌ಗೆ 1024."

"ಒಟ್ಟು ಪಿಕ್ಸೆಲ್ಲಾ?"

"ಅಯ್ಯೋ, ಒಂದು ಬದಿಗೆ! ಅಗಲ 1024, ಎತ್ತರ 1024."

ಕೇರ್ ಅವರಿಗೆ ಇಡೀ ಚಿತ್ರಕ್ಕೆ ಸಿಕ್ಕಿದಷ್ಟು ಚೌಕಗಳು ಈಗ ಒಂದು ಸಾಲಿಗೇ ಸಿಗುತ್ತವೆ. ಒಟ್ಟು 10,48,576. ಇಷ್ಟು ಸಿರಿ ಇದ್ದೂ ನನ್ನ ಫೋನಿನ ಐಕಾನ್‌ಗಳಲ್ಲಿ ಅರ್ಧದಷ್ಟು ಒಂದೇ ತೆರನಾದ ನೀಲಿ ಚೌಕಗಳು. ನೀಲಿ ಒತ್ತಿ ಬ್ಯಾಂಕು ತೆರೆಯಲು ಹೋಗಿ ಹವಾಮಾನ ನೋಡುವ ಭಾಗ್ಯ ನಮ್ಮದು.

ಕನ್ನಡದ ಆ್ಯಪ್, ಸಂಘ, ಶಾಲೆಗಳಿಗೆ ಐಕಾನ್ ಮಾಡುವವರಲ್ಲಿ ಒಂದು ಕೋರಿಕೆ. ಇಡೀ ಹೆಸರನ್ನು ಅದರೊಳಗೆ ತುರುಕಬೇಡಿ, ಒತ್ತಕ್ಷರವಿಲ್ಲದ ಒಂದಕ್ಷರ ಆರಿಸಿಕೊಳ್ಳಿ. ಮಕ್ಕಳ ಚೌಕುಳಿ ಲೆಕ್ಕದ ಪುಸ್ತಕದಲ್ಲಿ 32ಕ್ಕೆ 32 ಗೆರೆ ಹಾಕಿ ಪೆನ್ಸಿಲಿನಲ್ಲಿ ತುಂಬಿ, ತೋಳು ಚಾಚಿ ದೂರ ಹಿಡಿದು ನೋಡಿ. ಓದಲು ಬಂದರೆ ಬಣ್ಣಕ್ಕೆ ಕೈ ಹಾಕಿ.